ಎಡ ಬಟನ್ನಿನ ಕಡ್ಡಿ

ಮುಂದಿನ ಸೀಟಿನ ಕಂಬಿ ಬಿಸಿಲಿಗೆ ಕಾದಿರಬೇಕು, ಪಕ್ಕದ ಹೆಂಗಸು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು, ಗಂಗಹನುಮಯ್ಯನ ಕೈ ಮಾತ್ರ ಅದರ ಮೇಲೇ ಇದೆ, ಬಿಸಿಯೂ ಇಲ್ಲ ತಣ್ಣಗೂ ಇಲ್ಲ, ಯಾರದೋ ಕೈ ತಂದು ತನ್ನ ತೋಳಿಗೆ ಸಿಕ್ಕಿಸಿದ ಹಾಗೆ — ಗುಬ್ಬಿ ಬಸ್ಸು ತುಮಕೂರು ಬಿಟ್ಟು ಎಷ್ಟು ಹೊತ್ತಾಯಿತೋ, ಬೆಳಿಗ್ಗೆ ಏನು ತಿಂದದ್ದು, ಉಪ್ಪಿಟ್ಟು, ಹೌದು ಉಪ್ಪಿಟ್ಟು, ನೆನಪಿಟ್ಟುಕೊಳ್ಳಬೇಕು, ಜಮಾಲುನ್ನೀಸಾ ಮೇಡಂ ಕೇಳುತ್ತಾರೆ. ಮೊದಲ ದಿನವೂ ಅದೊಂದನ್ನೇ ಕೇಳಿದ್ದರು. ಏಳು ತಿಂಗಳಿಂದ ಮಂಕು ಬಡಿದವನಂತಿದ್ದ ಗಂಡನಿಗೆ ರೇವಮ್ಮ ತಾಯಿತ ಕಟ್ಟಿಸಿ, ನಿಂಬೆಹಣ್ಣು ಇಳಿತೆಗೆಸಿ, ಕೊನೆಗೆ ಆಸ್ಪತ್ರೆಯ ಹಿಂದಿನ ಕೋಣೆಗೆ ಎಳೆದುಕೊಂಡು ಹೋದಳು, ಅಲ್ಲಿ ಕೌನ್ಸೆಲಿಂಗ್ ಅಂತೆ, ಅಂದರೆ ಬರೀ ಮಾತಂತೆ, ಮಾತು ಮನೆಯಲ್ಲೇ ಬೇಕಾದಷ್ಟು ಸಿಗುತ್ತಿತ್ತಲ್ಲ ಅಂದುಕೊಂಡಿದ್ದ — ಆದರೆ ಮೇಡಂ ಏನಾಯ್ತು ಅಂತ ಕೇಳಲೇ ಇಲ್ಲ, ಬೆಳಿಗ್ಗೆ ಏನ್ ತಿಂದ್ರಿ ಅಣ್ಣ ಅಂದರು, ಅವನಿಗೆ ಗೊತ್ತಿರಲಿಲ್ಲ, ಹೋಗ್ಲಿ ಬಿಡಿ, ಮುಂದಿನ್ ವಾರ ಬಂದು ಏನ್ ತಿಂದೆ ಅಂತ ಹೇಳಿ ಸಾಕು. ಅಷ್ಟೇ ಔಷಧಿ.

ಮೂರನೇ ವಾರ ಅವರ ಮೇಜು ಅಲ್ಲಾಡುತ್ತಿತ್ತು, ನೀವು ಫ್ಯಾಕ್ಟ್ರಿಯವ್ರು, ಇದಕ್ಕೇನಾದ್ರೂ ಸಿಗಿಸ್ಕೊಡಿ ಅಂದರು, ಅವನು ನೆಲಕ್ಕೆ ಕೂತು ರಟ್ಟು ಮಡಿಸಿ ಕಾಲಿನಡಿ ತುರುಕುವಾಗ ಬೆರಳು ನಿಂತುಬಿಟ್ಟವು, ರಟ್ಟು ಕಡ್ಡಿಯಾಯಿತು, ಕೋಣೆ ಅಂತರಸನಹಳ್ಳಿಯ ಫ್ಯಾಕ್ಟ್ರಿ ಶೆಡ್ಡಾಯಿತು, ತಗಡು ಒತ್ತುವ ಪವರ್ ಪ್ರೆಸ್ಸಿನ ಎಡ ಬಟನ್ನಿನ ಸಂದಿಯಲ್ಲಿ ಮುರಿದ ಬೆಂಕಿಕಡ್ಡಿ. ಎರಡು ಬಟನ್ನು, ಎರಡನ್ನೂ ಎರಡು ಕೈಯಿಂದ ಒತ್ತಿದರೇನೇ ಪ್ರೆಸ್ಸು ಇಳಿಯುವುದು, ಕೈ ಒಳಗಿರಬಾರದು ಅಂತಲೇ ಹಾಗೆ ಮಾಡಿದ್ದು, ಆದರೆ ಎಡದ್ದಕ್ಕೆ ಕಡ್ಡಿ ಸಿಗಿಸಿದರೆ ಅದು ಒತ್ತಿಕೊಂಡೇ ಇರುತ್ತದೆ, ಒಂದು ಕೈ ಬಿಡುವಾಗುತ್ತದೆ, ತಗಡು ಬೇಗ ಬೇಗ ಸಾಗುತ್ತದೆ, ಎಲ್ಲರೂ ಹಾಗೇ ಮಾಡುತ್ತಿದ್ದರು, ಶಿಫ್ಟು ಮುಗಿದಾಗ ತೆಗೆಯುತ್ತಿದ್ದರು. ಅವತ್ತು ಅವನು ತೆಗೆಯಲಿಲ್ಲ, ಮರೆತ, ಬಸ್ಸಿಗೆ ಹೊತ್ತಾಗಿತ್ತು. ಎರಡನೇ ಶಿಫ್ಟಿಗೆ ಬಂದವನು ಬೀರಯ್ಯ, ಇವನಿಗೆ ಕೆಲಸ ಕಲಿಸಿದ ಬೀರಣ್ಣ, ವಾರೆಯಾದ ತಗಡನ್ನು ಸರಿಮಾಡಲು ಎಡಗೈ ಒಳಗಿಟ್ಟ, ಬಲಗೈ ಬಟನ್ನಿಗೆ ತಾಗಿತು — ಅವನು ಕೂಗಲಿಲ್ಲ, ಉಳಿದವರೆಲ್ಲ ಕೂಗಿದರು, ಗೇಟಿನಿಂದ ಓಡಿಬಂದ ಗಂಗಹನುಮಯ್ಯ, ಎಲ್ಲರೂ ಬೀರಯ್ಯನನ್ನು ಎತ್ತುತ್ತಿರುವಾಗ, ಉಗುರಿನಿಂದ ಕಡ್ಡಿ ಕಿತ್ತು ಜೇಬಿಗೆ ಹಾಕಿಕೊಂಡ. ಮೆಷಿನ್ನು ಸರಿಯಿದೆ, ಕೆಲಸಗಾರನದೇ ಅಜಾಗರೂಕತೆ ಅಂತ ಫ್ಯಾಕ್ಟ್ರಿಯವರು ಬರೆದರು. ಬೀರಯ್ಯನ ಕೆಲಸ ಹೋಯಿತು, ಗುಬ್ಬಿಯ ತನ್ನ ಮನೆ ಸೇರಿದ, ಇವನ ಕೈ ಮರಗಟ್ಟಿತು.

ಇದನ್ನೆಲ್ಲ ಅವನು ಮೇಜಿನ ಕಾಲಿಗೆ ಹೇಳಿದ, ಅಳು ಬರಲಿಲ್ಲ, ಮೇಡಂ ಸೆರಗು ಸುತ್ತಿಕೊಂಡು ಪಕ್ಕದಲ್ಲೇ ನೆಲಕ್ಕೆ ಕೂತರು, ನಿಮ್ ತಪ್ಪಿಲ್ಲ ಅಂತ ನಾನ್ ಹೇಳಲ್ಲ ಅಣ್ಣ, ಹೇಳಿದ್ರೂ ನೀವ್ ನಂಬಲ್ಲ, ಏಳಿ, ಟೀ ಕುಡಿಯೋಣ, ಆಮೇಲೆ ಗುಬ್ಬಿಗೆ ಯಾವ್ ಬಸ್ಸು ಅಂತ ನೋಡೋಣ. ಒಂದು ವಾರ ಗುಬ್ಬಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ಸು, ಮುಂದಿನ ವಾರ ಬೀರಯ್ಯನ ಬೀದಿಯ ತಿರುವಿನವರೆಗೆ, ಅದರಾಚೆ ವಾರ ಒಳಗೆ ಹೋಗಿ ನೀರು ಕುಡಿದು ರಾಗಿ ಬೆಳೆಯ ಮಾತಾಡಿ ವಾಪಸ್ಸು, ಮಗುವಿಗೆ ನಡಿಗೆ ಕಲಿಸಿದ ಹಾಗೆ, ಇವತ್ತು ಒಂದೇ ಒಂದು ಮಾತು, ಆ ಮಾತನ್ನು ಮೇಡಂ ಎದುರು ಹತ್ತು ಸಲ ಹೇಳಿ ಅಭ್ಯಾಸ ಮಾಡಿದ್ದಾನೆ. ಹೇಳಿದ್ರೆ ನನ್ ಕೆಲ್ಸ ಹೋಯ್ತದೆ ಮೇಡಂ. ಹೋಗ್ಬೋದು ಅಂದರು, ಬೀರಯ್ಯನವ್ರಿಗೆ ವಾಪಸ್ ಸಿಗ್ಬೋದು, ಎರಡೂ ನಂಗೊತ್ತಿಲ್ಲ, ಹೇಳಿ ಬನ್ನಿ, ಆಮೇಲಿಂದು ಇಬ್ರೂ ಕೂತು ನೋಡೋಣ, ನಾನೆಲ್ಲೂ ಹೋಗಲ್ಲ.

ತಿರುವು ಬಂತು, ಜಗಲಿ ಬಂತು, ಜಗಲಿಯ ಮೇಲೆ ಬೀರಯ್ಯ, ಎಡತೋಳು ಮಣಿಕಟ್ಟಿಗೇ ಮುಗಿದಿದೆ, ಬಾಯಲ್ಲಿ ಹತ್ತದ ಬೀಡಿ. ಬಾರ್ಲಾ ಗಂಗ, ಒಳ್ಳೆ ಹೊತ್ಗೆ ಬಂದೆ, ಪಂಚೆ ಉಡೋದೂ ಒಂದೇ ಕೈಲಿ ಕಲ್ತೆ ಕಣ್ಲಾ, ಇದೊಂದ್ ಮಾತ್ರ ಬರ್ಲಿಲ್ಲ, ಗೀರು — ಬೆಂಕಿಪೊಟ್ಟಣ ಅಂಗೈಗೆ ಬಂತು, ತೆರೆದರೆ ಕಡ್ಡಿ, ಸಾಲಾಗಿ ಕಡ್ಡಿ, ಒಂದನ್ನು ತೆಗೆದ, ಗೀರಿದ, ಬೀರಯ್ಯ ಕಣ್ಣು ಕಿರಿದು ಮಾಡಿ ಮುಖ ಮುಂದಕ್ಕೆ ತಂದ, ಇಷ್ಟು ಹತ್ತಿರ, ಇಷ್ಟು ನಂಬಿ. ಬೀರಣ್ಣ, ಅವತ್ತು ಎಡ ಬಟನ್ನಿಗೆ ಕಡ್ಡಿ ಇಟ್ಟಿದ್ದು ನಾನು. ಬೀರಯ್ಯ ಬೀಡಿ ಎಳೆಯಲಿಲ್ಲ, ಮುಖ ಹಿಂದಕ್ಕೆ ತೆಗೆಯಲಿಲ್ಲ, ಒಳಗೆ ಯಾರೋ ಒರಳಲ್ಲಿ ಏನೋ ಕುಟ್ಟುತ್ತಿದ್ದಾರೆ, ಕಡ್ಡಿ ಉರಿಯುತ್ತ ಬೆರಳಿನವರೆಗೆ ಬಂತು, ಬಿಸಿ, ಇದು ಬಿಸಿ, ಇವನು ಬಿಡಲಿಲ್ಲ, ಇಬ್ಬರ ನಡುವೆ ಕಡ್ಡಿ, ಕರಿಯ ತಲೆಯ ಕಡ್ಡಿ, ಕಡ್ಡಿ