ಪೆಟ್ಟಿಗೆ ಜರುಗಿದ ದಿನ

ನಮೂನೆಯ ಹನ್ನೊಂದನೇ ಪ್ರಶ್ನೆ ಒಂದೇ ಸಾಲಿನದು: ತಾಪಮಾಪಕದ ಪೆಟ್ಟಿಗೆಯನ್ನು ಮೊದಲಿದ್ದ ಜಾಗದಿಂದ ಎಂದಾದರೂ ಸರಿಸಲಾಗಿದೆಯೇ? ಪಕ್ಕದಲ್ಲಿ ಎರಡು ಚೌಕ, ಹೌದು, ಇಲ್ಲ. ಉಳಿದದ್ದನ್ನೆಲ್ಲ ಒಂದು ಬೆಳಿಗ್ಗೆಯಲ್ಲಿ ತುಂಬಿದ ನಾನು ಇದೊಂದರ ಮುಂದೆ ಮೂರು ದಿನ ಕೂತೆ.

ನಮ್ಮದು ಸಣ್ಣ ಹವಾಮಾನ ಕೇಂದ್ರ. ನಾಲ್ಕು ಕೋಣೆ, ಒಂದು ಅಂಗಳ, ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ. ಅದರೊಳಗಿನ ತಾಪಮಾಪಕವನ್ನು ದಿನಕ್ಕೆರಡು ಸಲ ನೋಡಿ ಬರೆಯುತ್ತ ಮೂವತ್ತೆಂಟು ವರ್ಷವಾಗಿದೆ; ಕೊನೆಯ ಐದು ವರ್ಷದಿಂದ ಬರೆಯುತ್ತಿರುವವಳು ನಾನು. ನಮಗೆ ಹಣ ಕೊಡುವ ಸಮಿತಿ ಈ ವರ್ಷ ಬದಲಾಗಿತ್ತು. ಹೊಸ ಅಧ್ಯಕ್ಷರು ಸಭೆಗಳಲ್ಲಿ ನಗುತ್ತ, ಬಿಸಿ ಏರಿರುವುದು ಭೂಮಿಯಲ್ಲಲ್ಲ, ವಿಜ್ಞಾನಿಗಳ ಪೆಟ್ಟಿಗೆಯಲ್ಲಿ ಎನ್ನುತ್ತಿದ್ದರು. ಹನ್ನೊಂದನೇ ಪ್ರಶ್ನೆ ಬಂದದ್ದು ಅಲ್ಲಿಂದಲೇ. ಹೌದು ಎಂದವರ ಹಣ ನಿಲ್ಲುತ್ತದೆ ಎಂಬುದು ಎಲ್ಲ ಕೇಂದ್ರಗಳಿಗೂ ಗೊತ್ತಿತ್ತು.

ನಿರ್ದೇಶಕರು ‘ಇಲ್ಲ’ಕ್ಕೆ ಗುರುತು ಹಾಕಲು ಹೇಳಿದ್ದರು. ರಿಜಿಸ್ಟರಿನಲ್ಲಿ ಸರಿಸಿದ ದಾಖಲೆ ಇಲ್ಲವಲ್ಲ ಎಂದಿದ್ದರು. ನಿಜ, ಇರಲಿಲ್ಲ. ಆದರೆ ಏಳು ವರ್ಷದ ಹಿಂದೆ, ಒಂದು ತಿಂಗಳಿಂದ ಇನ್ನೊಂದಕ್ಕೆ, ಅಂಕಿಗಳು ಮೆಟ್ಟಿಲು ಹತ್ತಿದ ಹಾಗೆ ಪಾಯಿಂಟ್ ನಾಲ್ಕು ಡಿಗ್ರಿ ಮೇಲೆದ್ದಿದ್ದವು. ಬಿಸಿಲು ಹಾಗೆ ಹತ್ತುವುದಿಲ್ಲ. ಆ ತಿಂಗಳ ಬರಹ ನನ್ನ ಮಾವನದು.

ಮಾವ ಅದೇ ಕೇಂದ್ರದಲ್ಲಿ ಮೂವತ್ಮೂರು ವರ್ಷ ವೀಕ್ಷಕರಾಗಿದ್ದು, ಐದು ವರ್ಷದ ಹಿಂದೆ ನಿವೃತ್ತರಾದವರು. ಹೀಗಿದ್ದೂ ಮನೆಯಲ್ಲಿ ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ನಂಬದವರು ಅವರೊಬ್ಬರೇ. ದಿನಾ ಸಂಜೆ ನಾನು ಚಪ್ಪಲಿ ಬಿಡುವಾಗ ಇವತ್ತು ಎಷ್ಟು ಎಂದು ಕೇಳುವರು. ನಾನು ಹೇಳಿದರೆ, ಕನ್ನಡಕ ಒರೆಸುತ್ತ, “ಅದರಲ್ಲಿ ಸ್ವಲ್ಪ ಕಳೀಬೇಕಮ್ಮ” ಎನ್ನುವರು. ತರಕಾರಿಯವಳನ್ನು ಬಿಟ್ಟು ಅಪ್ಪ ಈಗ ಸೂರ್ಯನ ಹತ್ತಿರ ಚೌಕಾಸಿಗೆ ಇಳಿದಿದ್ದಾರೆ ಎಂದು ನನ್ನ ಗಂಡ ನಗುತ್ತಿದ್ದ. ಯಾಕೆ ಕಳೆಯಬೇಕು ಎಂದು ನಾವು ಯಾರೂ ಕೇಳಿರಲಿಲ್ಲ.

ಮೂರನೇ ದಿನ ಸಂಜೆ ಕೇಳಿದೆ. ಅವರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು.

“ಹನ್ನೆರಡು ಹೆಜ್ಜೆ,” ಎಂದರು. “ನಾನೂ ಮಾಲಿಯೂ ಹೊತ್ಕೊಂಡು ಹೋದ್ವಿ.”

ಆ ವರ್ಷ ಅಂಗಳದಲ್ಲಿ ಸೌರಫಲಕ ಹಾಕಿಸಿದ್ದರು. ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು, ನಾಲ್ಕೇ ದಿನ ಉಳಿದಿತ್ತು. ಪೆಟ್ಟಿಗೆ ಫಲಕಗಳ ಜಾಗದಲ್ಲಿ ನಿಂತಿತ್ತು. ಹಳೆಯ ಜಾಗದಲ್ಲೊಂದು, ಹೊಸ ಜಾಗದಲ್ಲೊಂದು ಪೆಟ್ಟಿಗೆ ಇಟ್ಟು, ಒಂದು ವರ್ಷ ಎರಡನ್ನೂ ಬರೆದು ವ್ಯತ್ಯಾಸ ತಿಳಿಯಬೇಕೆಂಬುದು ನಿಯಮ. ಅದಕ್ಕೆ ಪುರುಸೊತ್ತಿರಲಿಲ್ಲ. ಹುಲ್ಲಿನ ಮೇಲಿದ್ದದ್ದನ್ನು ಕಾಂಪೌಂಡ್ ಗೋಡೆಯ ಪಕ್ಕ, ಬಿಸಿಲಿಗೆ ಕಾಯುವ ಸಿಮೆಂಟ್ ನೆಲದ ಮೇಲೆ ಇಟ್ಟರು. ಆಮೇಲೆ ಬರೆದರಾಯಿತು ಎಂದು ಹೇಳಿದ ನಿರ್ದೇಶಕರು ಈಗಿನವರೇ. ಆ ‘ಆಮೇಲೆ’ ಬರಲೇ ಇಲ್ಲ.

“ನನ್ನ ಒಂದು ಪೆಟ್ಟಿಗೆ ಹೀಗಾದ್ರೆ, ಊರೂರಿನ ಪೆಟ್ಟಿಗೆ ಹೇಗಿರತ್ತೋ,” ಎಂದರು ಮಾವ. “ಟೀವೀಲಿ ಬಿಸಿ ಬಿಸಿ ಅಂದಾಗೆಲ್ಲ ನನಗೆ ಆ ಸಿಮೆಂಟೇ ಕಾಣತ್ತೆ.”

ಮಾರನೆಯ ದಿನ ನಿರ್ದೇಶಕರಿಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಆವತ್ತು ಫಲಕ ಬೇಡ ಎಂದಿದ್ದರೆ ಆ ವರ್ಷದ ಹಣವೂ ಇರುತ್ತಿರಲಿಲ್ಲ ಎಂದು, ಇಂದು ಹೌದು ಎಂದರೆ ಮುಂದಿನ ವರ್ಷದ್ದು ಇರುವುದಿಲ್ಲ ಎಂದು, ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. ಕೆಟ್ಟ ಮನುಷ್ಯರಲ್ಲ. ದಣಿದಿದ್ದರು.

“ಕೋಲು ಕೊಟ್ಟು ಹೊಡೆಸ್ಕೊಳ್ಳೋದು ಅಂದ್ರೆ ಇದೇ ನೋಡಿ,” ಎಂದರು.

“ಕೋಲು ಅವರ ಕೈಲಿ ಆಗಲೇ ಇದೆ ಸರ್.”

ಅವರು ನಮೂನೆಯನ್ನು ನನ್ನ ಕಡೆ ತಳ್ಳಿ, ಸಹಿ ನಿಮ್ಮದೇ ತಾನೇ ಎಂದು ಮಾತ್ರ ಹೇಳಿದರು.

ಆ ಸಂಜೆ ಹಳೆಯ ರಿಜಿಸ್ಟರುಗಳ ಪ್ರತಿ ಮನೆಗೆ ತಂದೆ. ಕೊನೆಯ ಏಳು ವರ್ಷ ಪೂರ್ತಿ ಪಕ್ಕಕ್ಕಿಟ್ಟು, ಪೆಟ್ಟಿಗೆ ಹುಲ್ಲಿನ ಮೇಲಿದ್ದ ಮೂವತ್ತೊಂದು ವರ್ಷವನ್ನಷ್ಟೇ ಲೆಕ್ಕ ಹಾಕಿದ್ದೆ. ಗೆರೆ ಏರುತ್ತಲೇ ಇತ್ತು, ನಿಧಾನವಾಗಿ, ಎಲ್ಲೂ ಮೆಟ್ಟಿಲಿಲ್ಲದೆ. ಅದನ್ನು ಮಾವನ ಮುಂದಿಟ್ಟೆ. ಅವರು ಗೆರೆ ನೋಡಲಿಲ್ಲ. ಪುಟ ತಿರುವಿ ತಮ್ಮ ಕೈಬರಹವನ್ನೇ ನೋಡಿದರು, ಮೊದಲ ವರ್ಷದ ದುಂಡಗಿನ ಅಂಕಿ, ಕೊನೆಯ ವರ್ಷಗಳ ಅವಸರದ ಅಂಕಿ. ಬಹಳ ಹೊತ್ತು ನೋಡಿದರು. ಅವರು ಒಪ್ಪಿದರೆ ನನಗೆ ಗೆದ್ದ ಹಾಗೆ ಅನ್ನಿಸೀತು ಎಂದುಕೊಂಡಿದ್ದೆ.

“ಈ ಬಿಸೀನ ನಾನು ಜರುಗಿಸಿಲ್ಲ,” ಎಂದರು ಕೊನೆಗೆ.

“ಇಲ್ಲ ಮಾವ.”

“ನಾನೇ ಮಾಡಿದ್ದು ಅಂತಿದ್ರೆ ವಾಸಿಯಿತ್ತು. ತಿರುಗಾ ಹೊತ್ಕೊಂಡು ಹೋಗಿ ಇಡಬಹುದಿತ್ತು.”

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತೆ.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಜೊತೆ ಬಂದರು. ಫಲಕಗಳ ಕೆಳಗೆ ಬಗ್ಗಿ, ಹುಲ್ಲು ಸರಿಸಿ, ಪೆಟ್ಟಿಗೆಯ ಕಾಲು ನಿಂತಿದ್ದ ನಾಲ್ಕು ಕಲ್ಲುಗಳನ್ನು ತೋರಿಸಿದರು. ಆಮೇಲೆ ಒಳಗೆ ಬಂದು ರಿಜಿಸ್ಟರಿನ ಷರಾ ಕಾಲಂನಲ್ಲಿ ಪೆಟ್ಟಿಗೆ ಜರುಗಿದ ದಿನ, ದಿಕ್ಕು, ಹನ್ನೆರಡು ಹೆಜ್ಜೆ ಎಂದು ಬರೆದು, ಇಂದಿನ ತಾರೀಕು ಹಾಕಿ ಸಹಿ ಮಾಡಿದರು. ನಾನು ‘ಹೌದು’ ಎಂಬ ಚೌಕಕ್ಕೆ ಗುರುತು ಹಾಕಿದೆ. ಹಳೆಯ ಮೂವತ್ತೊಂದು ವರ್ಷದ ಲೆಕ್ಕವನ್ನೂ ಲಗತ್ತಿಸಿದೆ.

ಎರಡು ತಿಂಗಳಿಗೆ ಪತ್ರ ಬಂತು. ಅಂಕಿಗಳು ಸಂಶಯಾಸ್ಪದವೆಂದು ಕೇಂದ್ರವೇ ಒಪ್ಪಿರುವುದರಿಂದ ಅನುದಾನ ತಡೆಹಿಡಿಯಲಾಗಿದೆ. ಲಗತ್ತಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ನಿರ್ದೇಶಕರು ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, ತಮ್ಮ ಕೋಣೆಗೆ ಹೋದರು. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ನಾನು ಮಧ್ಯಾಹ್ನದ ಅಂಕಿ ಬರೆದು ಬಂದೆ.

ಸಂಜೆ ಚಪ್ಪಲಿ ಬಿಡುವಾಗ ಮಾವನಿಗೆ ಪತ್ರದ ವಿಷಯ ಹೇಳಿದೆ. ಅವರು ತಲೆಯಾಡಿಸಿದರು. ಆಮೇಲೆ ಎಂದಿನ ಹಾಗೆ ಕೇಳಿದರು.

“ಇವತ್ತು ಎಷ್ಟಮ್ಮ?”

“ಮೂವತ್ತೆಂಟು ಪಾಯಿಂಟ್ ಆರು. ಕಳೆದೇ ಹೇಳ್ತಿದೀನಿ ಮಾವ.”

ಅವರು ಕನ್ನಡಕ ತೆಗೆದರು, ಒರೆಸಲಿಲ್ಲ.

“ಆದ್ರೂ ಜಾಸ್ತಿನೇ,” ಎಂದರು.