ಲಾರಿಯ ಬಾಗಿಲಲ್ಲಿ ಸವೆದ ಜಾಗ

ಬಕೆಟ್ಟಿನ ನೀರು ಲಾರಿಯ ಬಾಗಿಲಿಗೆ ಬೀಳುವ ಮೊದಲೇ ಭೀಮರಾಜ ಅಕ್ಕನ ಕೈ ಹಿಡಿದ. ಅರ್ಧ ನೀರು ಅವನ ಪ್ಯಾಂಟಿನ ಮೇಲೆಯೇ ಚೆಲ್ಲಿತು.

"ತೊಳಿಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕಕ್ಕ ನಿಂಗ?"

"ಸಂಜಿಕ ಮಂದಿ ನೋಡಾಕ ಬರ್ತಾರ ಅಂದಿ. ಹಿಂಗ ಹೊಲಸು ಇಟ್ಟು ತೋರಸ್ತೀಯೇನು?"

"ಇದು ಹೊಲಸಲ್ಲ."

"ಮತ್ತೇನು?"

ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟವನಿಗೆ ಪಟಿನಾ ಎಂದರೇನೆಂದು ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. "ಕಾಲ ಹಚ್ಚಿದ ಬಣ್ಣ" ಎಂದ. ಹೇಳಿದ ಮೇಲೆ ತನಗೇ ನಾಚಿಕೆಯಾಯಿತು.

"ಕಾಲ ಹಚ್ಚಿದ್ದು ಇರ್ಲಿ" ಎಂದಳು ಪಂಪಾವತಿ, ಬಕೆಟ್ಟು ಕೆಳಗಿಡುತ್ತ. "ಅಪ್ಪನ ಹೆಸರು ಯಾವಾಗ ಹಚ್ಚಸ್ತಿ?"

ಆರು ತಿಂಗಳಿಂದ ಅವಳದು ಇದೊಂದೇ ರಾಗ. ಲಾರಿ ಕೊಡುವುದಾದರೆ ಕೊಡು, ಯಾರಿಗೆ ಬೇಕಾದರೂ ಕೊಡು, ಆದರೆ ಬಾಗಿಲ ಮೇಲೆ ಅಪ್ಪನ ಹೆಸರು ಬರೆಸಿ ಕೊಡು. ಹೊಸ ಬಣ್ಣ ತಾಗಿದರೆ ಲಾರಿ ಕೆಟ್ಟಂತೆ ಎಂದು ಅವನು. ಹೆಸರಿಲ್ಲದ ಲಾರಿ ಇದ್ದರೆಷ್ಟು ಹೋದರೆಷ್ಟು ಎಂದು ಅವಳು.

ಬಾದನಹಟ್ಟಿಯ ಅಕ್ಕನ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಲಾರಿ ನಿಂತು ಮೂವತ್ತು ವರ್ಷ ದಾಟಿತ್ತು. ಅಪ್ಪ ಮಲ್ಲಯ್ಯ ಸತ್ತು ಹನ್ನೊಂದು. ಮೂಗು ಮುಂದಕ್ಕೆ ಚಾಚಿದ ಹಳೆಯ ಕಾಲದ ಗಾಡಿ. ನೀಲಿ ಬಣ್ಣ ಬಿಸಿಲು ಕುಡಿದು ಬೂದು ಬಣ್ಣಕ್ಕೆ ತಿರುಗಿತ್ತು. ಹಣೆಯ ಮೇಲೆ ತೆಲುಗು ಅಕ್ಷರದಲ್ಲಿ ಒಂದು ದೇವರ ಹೆಸರು. ಅಪ್ಪನಿಗೆ ಲಾರಿ ಮಾರಿದ ಆದೋನಿಯ ಸಾಹುಕಾರ ಬರೆಸಿದ್ದು ಅದು, ಅಪ್ಪ ಅದನ್ನು ಅಳಿಸುವ ಗೋಜಿಗೆ ಹೋಗಿರಲಿಲ್ಲ. ಡ್ರೈವರ್ ಕಡೆಯ ಬಾಗಿಲಲ್ಲಿ ಒಂದೂವರೆ ಗೇಣು ಉದ್ದದ ಜಾಗವೊಂದು ಬಿಳಚಿಕೊಂಡು, ನಡುವೆ ಕಬ್ಬಿಣ ಕಾಣುವಷ್ಟು ಸವೆದಿತ್ತು.

ಇಡೀ ಲಾರಿಯಲ್ಲಿ ಭೀಮರಾಜನ ಪ್ರೀತಿಯ ಜಾಗ ಅದು. ಅಪ್ಪ ಕಿಟಕಿಯಿಂದ ಕೈ ಇಳಿಬಿಟ್ಟು, ಎತ್ತಿನ ಬೆನ್ನು ತಟ್ಟಿದ ಹಾಗೆ ಬಾಗಿಲು ತಟ್ಟುತ್ತ ಓಡಿಸುತ್ತಿದ್ದನೆಂದೂ ಆ ಕೈಯೇ ಬಣ್ಣ ತಿಂದಿತೆಂದೂ ಅವನು ನಂಬಿದ್ದ. ನಂಬಿದ್ದನ್ನು ನಾಲ್ಕು ಜನಕ್ಕೆ ಹೇಳಿಕೊಂಡೂ ಇದ್ದ.

ಆ ನಾಲ್ಕು ಜನರಲ್ಲಿ ಒಬ್ಬರು ದೊಡ್ಡಬಸಪ್ಪನವರು. ಬಳ್ಳಾರಿಯಲ್ಲಿ ಅವನ ಬೆಳಗಿನ ವಾಕಿಂಗಿನ ಗೆಳೆಯರು. ಸಿರುಗುಪ್ಪದಲ್ಲಿ ತಾತನ ಕಾಲದ ಅಕ್ಕಿ ಮಿಲ್ಲು, ಬಳ್ಳಾರಿಯಲ್ಲಿ ಹೊಸ ಹೋಟೆಲು. ಹೋಟೆಲಿನ ಮುಂದೆ ನಿಲ್ಲಿಸಲು ಒಂದು ಹಳೆಯ ಲಾರಿ ಹುಡುಕುತ್ತಿದ್ದೇನೆ ಅಂದಾಗ "ನಮ್ಮಲ್ಲೊಂದು ಇದೆ" ಎಂದು ಭೀಮರಾಜನ ಬಾಯಿಂದ ಹೊರಟುಹೋಗಿತ್ತು. ಸಂಜೆ ನೋಡಲು ಬರುವವರೂ ಅವರೇ.

ವಾಕಿಂಗಿನಲ್ಲಿ ಅವನು ರಾಜ್ ಸರ್. ಮನೆಯ ಗೇಟಿನ ಮೇಲೆ ಬಿ. ಎಂ. ರಾಜ್. ಯಾವ ಕೇರಿಯ ರಾಜ್ ಎಂದು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಕೇಳದಿರುವುದು ಅವರ ದೊಡ್ಡತನವೋ ಇಲ್ಲಾ ಗೊತ್ತಿದ್ದೂ ಸುಮ್ಮನಿದ್ದಾರೋ ಎಂಬುದು ಹದಿನೈದು ವರ್ಷದಿಂದ ಅವನಿಗೆ ಬಗೆಹರಿದಿಲ್ಲ.

ಲಾರಿಯ ಪಕ್ಕ ನಿಲ್ಲಿಸುವ ಫಲಕವನ್ನೂ ಅವನೇ ಬರೆಯಬೇಕಿತ್ತು. 'ಸಿರುಗುಪ್ಪ ಸೀಮೆಯ ಭತ್ತ ಹೊತ್ತ ಲಾರಿ. ಬಾಗಿಲ ಸವೆತವನ್ನು ಗಮನಿಸಿ: ಚಾಲಕನ ಕೈಯ ನೆನಪು' ಎಂದು ಬರೆದು ತನ್ನ ವಾಕ್ಯಕ್ಕೆ ತಾನೇ ಮರುಳಾಗಿದ್ದ. ಕೆಳಗೆ 'ಮಾಲೀಕರು' ಎಂದು ಬರೆದು ಮುಂದಿನದನ್ನು ಖಾಲಿ ಬಿಟ್ಟು ನಾಲ್ಕು ದಿನವಾಗಿತ್ತು.

"ಸಿರುಗುಪ್ಪಕ್ಕ ಹೋಗಿ ಕರೀಮ್ ಕಾಕಾನ ಕರ್ಕೊಂಡು ಬರ್ತೀನಿ" ಎಂದ ಒದ್ದೆ ಪ್ಯಾಂಟು ಕೊಡವುತ್ತ. "ವಾರ್ನಿಶ್ ಹೊಡಿಸಿಬಿಟ್ರ ಇದ್ದದ್ದು ಇದ್ದಂಗ ಉಳೀತೈತಿ. ಅಲ್ಲೀತನ ಮುಟ್ಟಬ್ಯಾಡ."

"ಕಾಕಾನ ಕರ್ಕೊಂಡು ಬರ್ತೀಯಾ?" ಪಂಪಾವತಿ ಅವನನ್ನೇ ನೋಡಿದಳು. "ಬಾ. ಅವರನ್ನ ಕೇಳು."

"ಏನಂತ?"

"ಏನಿಲ್ಲ. ಹೋಗಿ ಬಾ."

ದಾರಿಯುದ್ದಕ್ಕೂ ಕಣದಲ್ಲಿ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಕುರುಗೋಡಿನ ಬಂಡೆಗಳು ಹಿಂದೆ ಸರಿದರೂ ಘಾಟು ಬಿಡಲಿಲ್ಲ. ಕಾರಿನ ಗಾಜು ಏರಿಸಿದ, ಆದರೂ ಸೀನು ಬಂತು. ಅಪ್ಪನ ಮುಖ ನೆನಪಿಗೆ ತಂದುಕೊಳ್ಳಲು ನೋಡಿದ. ಬರೀ ಬಾಗಿಲು ನೆನಪಾಯಿತು. ತಾನು ಉಳಿಸಲು ಹೊರಟಿರುವುದು ಅಪ್ಪನನ್ನೋ ತುಕ್ಕನ್ನೋ ಎಂದು ಒಮ್ಮೆ ಅನ್ನಿಸಿತು. ಈ ವಯಸ್ಸಿನಲ್ಲಿ ಇಂಥ ಪ್ರಶ್ನೆ ಕೇಳಿಕೊಳ್ಳುವುದು ಮೈಯಲ್ಲಿ ಸಕ್ಕರೆ ಇಳಿದ ಲಕ್ಷಣವಿರಬಹುದೆಂದು ಮುಂದಿನ ಊರಿನಲ್ಲಿ ಗಾಡಿ ನಿಲ್ಲಿಸಿ ಎರಡು ಬಾಳೆಹಣ್ಣು ತಿಂದ.

ಕರೀಮಸಾಬನಿಗೆ ಎಂಬತ್ತು ದಾಟಿತ್ತು. ಒಂದು ಕಾಲಕ್ಕೆ ಸಿರುಗುಪ್ಪದ ಅಂಗಡಿ ಬೋರ್ಡು, ಲಾರಿಯ ಹಣೆಬರಹ ಎಲ್ಲ ಅವನ ಕೈಯದೇ. ಕಣ್ಣಿನ ಆಪರೇಶನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಮಲ್ಲಯ್ಯನ ಲಾರಿ ಎಂದ ಕೂಡಲೇ ಒಳಗೆ ಹೋಗಿ ಒಂದು ಸಣ್ಣ ಬ್ರಶ್ ತಂದ.

"ಅದ್ಯಾಕ್ರಿ ಕಾಕಾ? ವಾರ್ನಿಶ್ ಅಷ್ಟ ಹೊಡಿಯೋದು."

"ಇರ್ಲಿ ಬಿಡು."

ಕಾರು ಊರು ದಾಟಿದ ಮೇಲೆ ಮುದುಕ ಕೇಳಿದ: "ದಸರಾಕ ನೀ ಯಾವತ್ತೂ ಊರಾಗ ಇರ್ತಿದ್ದಿಲ್ಲ, ಹೌದಲ್ಲ?"

"ಅಪ್ಪ ಕರೀತಿದ್ದಿಲ್ಲ."

ಸಾಲಿಗೆ ಸೇರಿದಾಗಿನಿಂದ ಅವನು ಹಲಕುಂದಿಯ ಸೋದರಮಾವನ ಮನೆಯಲ್ಲಿದ್ದ, ಆಮೇಲೆ ಬಳ್ಳಾರಿಯ ಹಾಸ್ಟೆಲಿನಲ್ಲಿ. ಯುಗಾದಿಗೆ, ಬೇಸಿಗೆಗೆ ಅಪ್ಪನೇ ಬಂದು ಕರೆದೊಯ್ಯುತ್ತಿದ್ದ. ದಸರಾಕ್ಕೆ ಮಾತ್ರ ಇಲ್ಲ. ಹಬ್ಬದ ದಿನ ಮನೆಗೆ ಬೇಡವಾದ ಮಗ ತಾನು ಎಂದು ಭೀಮರಾಜ ಹತ್ತು ವರ್ಷ ಅತ್ತಿದ್ದ. ಹನ್ನೊಂದನೆಯ ವರ್ಷದಿಂದ ಅದೇ ಅನುಕೂಲವೆನಿಸಿತು. ಕರೆದರೂ ಹೋಗುತ್ತಿರಲಿಲ್ಲ.

ಶೆಡ್ಡಿನಲ್ಲಿ ಕರೀಮಸಾಬ ಲಾರಿಯ ಸುತ್ತ ಬರಲಿಲ್ಲ. ನೇರವಾಗಿ ಆ ಬಾಗಿಲಿಗೆ ಹೋಗಿ, ಕನ್ನಡಕ ತೆಗೆದು, ಬಿಳಚಿದ ಜಾಗದ ಮೇಲೆ ಬೆರಳಾಡಿಸಿದ.

"ವಾರ್ನಿಶ್ ಇದರ ಮ್ಯಾಲೇನು?"

"ಹೌದ್ರಿ. ತುಕ್ಕು ಮುಂದ ಹೋಗಬಾರ್ದು. ಅಪ್ಪನ ಕೈ ಸವಿಸಿದ ಜಾಗ ಅದು."

"ಕೈಯೇ ಸವಿಸೈತಿ. ಸುಳ್ಳಲ್ಲ." ಮುದುಕನ ಬೆರಳು ಇನ್ನೂ ಅಲ್ಲೇ ಇತ್ತು. "ವರ್ಷಾ ಆಯುಧಪೂಜಿ ದಿನ ನಾನಾ ಬಂದು ಇಲ್ಲಿ ಹೆಸರು ಬರೀತಿದ್ದೆ. ಸುಣ್ಣದಾಗ. ಮಲ್ಲಯ್ಯ, ಬಾದನಹಟ್ಟಿ. ಪೂಜಿ ಮಾಡಿ, ಕೇರಿ ಮಂದಿನೆಲ್ಲ ಹತ್ತಿಸ್ಕೊಂಡು ಹಳ್ಳದತನ ಹೋಗಿ ಬರ್ತಿದ್ದ. ಆವತ್ತೊಂದು ದಿನ ಅವನ ಮುಖ ನೋಡಬೇಕಿತ್ತು ನೀ. ಮರುದಿನ ಮುಂಜಾನಿ ಎದ್ದು ಬೂದಿ ಹಾಕಿ ತಿಕ್ಕಿ ತಿಕ್ಕಿ ಅಳಿಸ್ತಿದ್ದ. ಆಮ್ಯಾಲೆ ಲೋಡಿಗೆ ಹೋಗ್ತಿದ್ದ."

"ಅಳಿಸ್ತಿದ್ದ? ಯಾಕ?"

"ಮಿಲ್ಲಿನ್ಯಾಗ ಕೇಳ್ತಿದ್ರು, ಲಾರಿ ಯಾರದಲೇ ಅಂತ. ಆದೋನಿ ಸಾಹುಕಾರ್ರದ್ರಿ, ನಾ ಡ್ರೈವರ್ ಅದೀನಿ, ಅಂತಿದ್ದ. ನಿಮ್ಮ ಕೇರಿಯವ ಡ್ರೈವರ್ ಅಂದ್ರ ಲೋಡ್ ಕೊಡ್ತಿದ್ರು. ಓನರ್ ಅಂದ್ರ ಯಾರು ಕೊಡ್ತಿದ್ರಪ?"

"ಎಷ್ಟು ವರ್ಷ?"

"ಇಪ್ಪತ್ತೆರಡು. ಲಾರಿ ನಿಂತ ಮ್ಯಾಲೆ ಕೇಳ್ದೆ, ಈಗರ ಬಣ್ಣದಾಗ ಬರೀತೀನಿ ಅಂದೆ. ಓಡದ ಲಾರಿಗೆ ಹೆಸರ್ಯಾಕ ಅಂದುಬಿಟ್ಟ."

ಇಪ್ಪತ್ತೆರಡು ವರ್ಷ ಅಪ್ಪ ತನ್ನ ಲಾರಿಗೆ ತಾನೇ ಡ್ರೈವರಾಗಿ ದುಡಿದಿದ್ದ. ಇಲ್ಲದ ಸಾಹುಕಾರನಿಗೆ ಕೈ ಮುಗಿದಿದ್ದ. ಭೀಮರಾಜ ತಿರುಗಿ ನೋಡಿದ. ಪಂಪಾವತಿ ಶೆಡ್ಡಿನ ಬಾಯಲ್ಲಿ ನಿಂತಿದ್ದಳು.

"ನಿಂಗ ಗೊತ್ತಿತ್ತಾ?"

"ಬೂದಿ ತಂದು ಕೊಡಾಕಿ ನಾನಾ."

"ನನಗ್ಯಾಕ ಹೇಳ್ಲಿಲ್ಲ?"

"ಅಪ್ಪ ಆಣಿ ಹಾಕಿಸ್ಕೊಂಡಿದ್ದ. ಅದಕ್ಕ ದಸರಾಕ ನಿನ್ನ ಬರಗೊಡ್ತಿದ್ದಿಲ್ಲ. ಕಲಿಯೋ ಹುಡುಗ, ನಾ ಹೆಸರು ಅಳಿಸೋದು ನೋಡಿದ್ರ ತಲಿ ತಗ್ಗಿಸ್ಕೊಂಡು ಅಡ್ಡಾಡ್ತಾನ ಅಂತಿದ್ದ."

ಕರೀಮಸಾಬ ಕನ್ನಡಕ ಹಾಕಿಕೊಂಡ. "ವಾರ್ನಿಶ್ ಹೊಡದ್ರ ಅಳಿಸಿದ್ದು ಖಾಯಂ ಆಗ್ತೈತಿ. ಹೆಸರು ಬರದ್ರ, ಅವ ಇಪ್ಪತ್ತೆರಡು ವರ್ಷ ತಿಕ್ಕಿದ್ದೆಲ್ಲ ಅಡಿಯಾಗ ಹೋಗ್ತೈತಿ. ಯಾವುದು ಮಾಡ್ಲಿ? ನೀ ಹೇಳಿದಂಗ."

"ಚಾ ಕುಡದು ಬರ್ರಿ ಕಾಕಾ" ಎಂದ ಭೀಮರಾಜ.

ಅಕ್ಕ, ಕಾಕಾ ಇಬ್ಬರೂ ಮನೆಯೊಳಗೆ ಹೋದರು. ಕಾದ ತಗಡು ಸಂಜೆಗೆ ಆರುತ್ತ ಟಕ್ ಟಕ್ ಎನ್ನುತ್ತಿತ್ತು. ಅವನಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನ ಮೇಲೆ ಇನ್ನೊಂದು ಸಿಟ್ಟು ಬಂತು. ಯಾವುದನ್ನು ಯಾರ ಮೇಲೆ ಇಡಬೇಕೋ ತಿಳಿಯದೆ ದುಃಖವಾಯಿತು. ಶಾಸನಗಳಲ್ಲಿ ಕೊರೆದು ತೆಗೆದ ಸಾಲು ತೋರಿಸಿ, ಇಲ್ಲೊಬ್ಬನ ಹೆಸರಿತ್ತು, ಅಳಿಸಿದ್ದೂ ಒಂದು ದಾಖಲೆಯೇ ಎಂದು ಹುಡುಗರಿಗೆ ಪಾಠ ಮಾಡಿದವನು ತಾನು. ಮನೆಯ ಬಾಗಿಲಲ್ಲಿದ್ದದ್ದನ್ನು ಮಾತ್ರ ಕೈಯ ನೆನಪು ಎಂದು ಓದಿಕೊಂಡಿದ್ದ. ಹಾಗೆ ನೋಡಿದರೆ ಫಲಕದ ವಾಕ್ಯದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಇದರಲ್ಲಿ ಮೂಲ ಬಣ್ಣ ಯಾವುದು? ಆದೋನಿಯವನ ನೀಲಿಯೋ, ಒಂದು ದಿನದ ಸುಣ್ಣವೋ, ಮರುದಿನದ ಬೂದಿಯೋ? ಉಳಿಸುವುದೆಂದರೆ ಯಾವುದನ್ನು?

ಅಂಗಿಯ ಜೇಬಿನಲ್ಲಿ ಎಂದಿನಂತೆ ಒಂದು ತುಂಡು ಚಾಕ್‌ಪೀಸ್ ಇತ್ತು. ಯೋಚಿಸದೆ ತೆಗೆದ. ಬಿಳಚಿದ ಜಾಗದ ಮೇಲೆ ಬರೆದ: ಮಲ್ಲಯ್ಯ.

ಅರ್ಜಿ ತುಂಬುವಾಗ ಬಿಟ್ಟರೆ ಅಪ್ಪನ ಹೆಸರನ್ನು ಅವನು ಎಲ್ಲೂ ಬರೆದಿರಲಿಲ್ಲ. ಅಕ್ಷರಗಳು ಆ ಜಾಗದಲ್ಲಿ ಸರಿಯಾಗಿ ಕೂತವು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಎರಡು ಹೆಜ್ಜೆ ಹಿಂದೆ ಬಂದು ನೋಡಿದ. ಅಕ್ಕನನ್ನು ಕೂಗಿ ತೋರಿಸಬೇಕೆನಿಸಿತು, ಬಾಯಿ ತೆರೆದ.

ಹೊರಗೆ ಕಾರಿನ ಹಾರನ್ ಕೇಳಿತು.

ಅವನು ಬಾಗಿಲ ಹತ್ತಿರ ಯಾವಾಗ ಹೋದನೋ ಅವನಿಗೇ ತಿಳಿಯಲಿಲ್ಲ. ಅಂಗೈ ಬಾಗಿಲ ಮೇಲಿತ್ತು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಗಟ್ಟಿಯಾಗಿ ತಿಕ್ಕುತ್ತಿತ್ತು. ಕಲಿಸಿಕೊಟ್ಟವರಿಲ್ಲದೆ ಕೈಗೆ ಆ ಕೆಲಸ ಬಂದಿತ್ತು. ದೊಡ್ಡಬಸಪ್ಪನವರು ತಗಡಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಏನೂ ಇರಲಿಲ್ಲ.

"ರಾಜ್ ಸರ್! ಇದೇ ಏನ್ರಿ ನಮ್ಮ ಹುಲಿ?" ಎಂದು ನಗುತ್ತ ಕೈ ಚಾಚಿದರು. ಭೀಮರಾಜ ಕೈ ಕೊಟ್ಟ.

ಕೈ ಬಿಟ್ಟ ಮೇಲೆ ದೊಡ್ಡಬಸಪ್ಪನವರು ತಮ್ಮ ಅಂಗೈ ನೋಡಿಕೊಂಡರು. ಬೆಳ್ಳಗಾಗಿತ್ತು.

"ಏನೋ ಬರದಿದ್ರೇನ್ರಿ ಸರ್?"

"ಏನಿಲ್ಲ. ಏನೂ ಇಲ್ಲ."

"ಮೇಷ್ಟ್ರ ಕೈ ನೋಡ್ರಿ ಮತ್ತ" ಎಂದು ನಕ್ಕು ಕರವಸ್ತ್ರ ತೆಗೆದರು. ಕಣ್ಣು ಬಾಗಿಲ ಮೇಲಿತ್ತು. "ನೀವು ಹೇಳಿದ ಜಾಗ ಇದೇ ಅಲ್ಲೇನ್ರಿ? ಎಷ್ಟು ಚಂದ ಸವದೈತಿ! ಇದನ್ನ ಮುಟ್ಟಬ್ಯಾಡ್ರಿ, ಹಿಂಗ ಇರ್ಲಿ. ನಮ್ಮ ತಾತನ ಮಿಲ್ಲಿಗೂ ಬಂದಿರಬೇಕು ನೋಡ್ರಿ ಇದು. ಅಂದಹಾಗ, ಯಾರದಿತ್ರೀ ಲಾರಿ?"

ಪಂಪಾವತಿ ಚಹಾದ ತಟ್ಟೆ ಹಿಡಿದು ಶೆಡ್ಡಿನ ಬಾಯಿಗೆ ಬಂದು ನಿಂತಿದ್ದಳು. ಅವಳ ಹಿಂದೆ ಕರೀಮಸಾಬ, ಕೈಯಲ್ಲಿ ಸಣ್ಣ ಬ್ರಶ್. ಇಬ್ಬರೂ ಭೀಮರಾಜನ ಬಾಯನ್ನೇ ನೋಡುತ್ತಿದ್ದರು.

"ಇದು..." ಎಂದ ಭೀಮರಾಜ. ಆದೋನಿ ಎಂಬ ಊರು ನಾಲಿಗೆಯ ತುದಿಗೆ ಬಂದು ಕೂತಿತ್ತು.

ದೊಡ್ಡಬಸಪ್ಪನವರಿಗೆ ಅವಸರವಿರಲಿಲ್ಲ. ಉತ್ತರಕ್ಕೆ ಕಾಯುತ್ತ ಒಂದೊಂದೇ ಬೆರಳನ್ನು ಕರವಸ್ತ್ರದಿಂದ ಒರೆಸಿಕೊಂಡರು. ಬಿಳಿ ಪುಡಿ ಒಳಗಾಗುವಂತೆ ಅದನ್ನು ಒಮ್ಮೆ ಮಡಚಿದರು, ಇನ್ನೊಮ್ಮೆ ಮಡಚಿದರು, ಜೇಬಿಗಿಟ್ಟುಕೊಂಡರು.