ಒಲೆಯ ಸುತ್ತ ಹೆಜ್ಜೆಗಳು

ಬೂಟು ಹಾಕಿಕೊಂಡರೆ ಲೆಟಿಗೆ ಅಡುಗೆ ಓಡುತ್ತಿರಲಿಲ್ಲ. ಬೆಂಕಿಯ ಹತ್ತಿರ ಕೆಲಸ ಮಾಡುವವರು ಕಾಲು ಪೂರ್ತಿ ಮುಚ್ಚುವ ಬೂಟು ತೊಡಲೇಬೇಕು ಎಂದು ಸಫಾರಿ ಕಂಪನಿಯ ನಿಯಮದ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಬರೆದ ಪುಣ್ಯಾತ್ಮ ಎಂದೂ ಬೆಳಗಿನ ಐದು ಗಂಟೆಗೆ ಕಿಂಬರ್ಲಿ ಸೀಮೆಯ ತಣ್ಣನೆಯ ಕೆಂಪು ಮರಳಿನ ಮೇಲೆ ಬರಿಗಾಲಿಟ್ಟವನಲ್ಲ. ಅಲ್ಲದೆ ಲೆಟಿಯ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅದು ಅವಳ ಅಮ್ಮನ ಕಾಲಿನ ಬಳುವಳಿ. ಅರುವತ್ತು ವರ್ಷದಲ್ಲಿ ಆ ಬೆರಳನ್ನು ಒಪ್ಪಿಕೊಂಡ ಬೂಟು ಒಂದೂ ಸಿಕ್ಕಿರಲಿಲ್ಲ. ಹಾಗಾಗಿ ಅತಿಥಿಗಳು ಏಳುವ ಮೊದಲು ಬರಿಗಾಲಲ್ಲಿ ಒಲೆಯ ಸುತ್ತ ಓಡಾಡಿ, ಚಹಾದ ನೀರಿಟ್ಟು, ಹಿಟ್ಟು ನಾದಿ ಕೆಂಡದಲ್ಲಿ ಹೂತು, ಮೊದಲ ಕೆಮ್ಮು ಕೇಳಿದೊಡನೆ ಬೂಟಿಗೆ ಕಾಲು ತುರುಕುವುದು ಅವಳ ಪದ್ಧತಿ.

ಪ್ರವಾಸದ ಆರನೆಯ ದಿನ ಅದು. ಆರು ಜನ ಅತಿಥಿಗಳು, ಗಾಡಿ ಓಡಿಸಲು ಡಾರಿಲ್, ಅಡುಗೆಗೆ ಲೆಟಿ, ಹಿಂದೆ ಟ್ರೇಲರ್ ಎಳೆದುಕೊಂಡು ಹೋಗುವ ಒಂದು ಎತ್ತರದ ಜೀಪು. ಐದು ದಿನದ ರಸ್ತೆ ಎಲ್ಲರ ಸೊಂಟದ ಕೀಲನ್ನೂ ಸಡಿಲ ಮಾಡಿತ್ತು. ಎರಡು ಹೊಳೆಗಳಲ್ಲಿ ನೀರು ಬಾಗಿಲಿನವರೆಗೆ ಬಂದಿತ್ತು. ಧೂಳು ಎಲ್ಲರನ್ನೂ ಒಂದೇ ಬಣ್ಣ ಮಾಡಿ ಬಿಟ್ಟಿತ್ತು. ಅಡಿಲೇಡಿನಿಂದ ಬಂದಿದ್ದ ನಿವೃತ್ತ ಹಲ್ಲಿನ ಡಾಕ್ಟರ್ ಟ್ರೆವರ್ ಅವತ್ತೂ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ಬಂದ.

"ಲೆಟಿ, ನಿಮ್ಮ ಈ ರೊಟ್ಟಿ ನಾನು ಓದಿದ್ದಕ್ಕೆಲ್ಲ ಸವಾಲು ಹಾಕ್ತಿದೆ. ನೆನ್ನೆ ಒಂದು ಹಲ್ಲು ಅಲ್ಲಾಡ್ತು."

"ರಿಟೈರ್ ಆದ್ಮೇಲೂ ನಿಮಗೆ ಕೈತುಂಬ ಕೆಲ್ಸ ಇರಲಿ ಅಂತಾನೇ ಗಟ್ಟಿ ಮಾಡೋದು ಡಾಕ್ಟ್ರೇ. ಜಾಮು ಹಚ್ಕೊಳಿ, ಇಳಿಯುತ್ತೆ."

ನಗುತ್ತಲೇ ಹೇಳಿದಳು. ಆದರೆ ಜಾಮಿನ ಚಮಚ ಕೈತಪ್ಪಿ ಬೂದಿಗೆ ಬಿತ್ತು. ಹಿಂದಿನ ಸಂಜೆ ಅವರು ಗುಡಾರ ಹಾಕಿದ್ದು ಒಂದು ಕಮರಿಯ ಬಾಯಲ್ಲಿ. ಈ ಒಂದು ಜಾಗಕ್ಕಾಗಿಯೇ ಅವಳು ಆಸ್ಪತ್ರೆಯ ಅಡುಗೆಮನೆಯ ಕಾಯಂ ಕೆಲಸ ಬಿಟ್ಟು, ಮೊಣಕಾಲು ನೋವು ಕಟ್ಟಿಕೊಂಡು, ತಿಂಗಳುಗಟ್ಟಲೆ ಧೂಳು ಕುಡಿಯಲು ಒಪ್ಪಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವಳ ಅಮ್ಮ ಹುಟ್ಟಿದ್ದು ಈ ಕಮರಿಯೊಳಗಿನ ಮಡುವಿನ ದಡದಲ್ಲಿ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಮೂಲನಿವಾಸಿಗಳ ಮಕ್ಕಳನ್ನು ಹಿಡಿದೊಯ್ಯುತ್ತಿದ್ದ ಸರ್ಕಾರದವರು ಅವಳನ್ನು ಲಾರಿಯಲ್ಲಿ ಹಾಕಿಕೊಂಡು ಹೋಗಿ ಸಮುದ್ರ ತೀರದ ಪಾದ್ರಿಗಳ ಮಿಷನ್ನಿಗೆ ಸೇರಿಸಿದರು. ಅಲ್ಲಿ ಇನ್ನೊಬ್ಬರ ಬಟ್ಟೆ ಒಗೆದು, ಇನ್ನೊಬ್ಬರ ಭಾಷೆ ಕಲಿತು ಅವಳ ಆಯುಸ್ಸು ಸವೆಯಿತು. ತನ್ನ ಭಾಷೆಯಲ್ಲಿ ಬಾಯಿ ತೆರೆದರೆ ಏಟು ಬೀಳುತ್ತಿದ್ದ ಕಾಲ. ಮಗಳಿಗೂ ಏಟು ಬೀಳದಿರಲಿ ಎಂದು ಆ ತಾಯಿ ಒಂದು ಮಾತನ್ನೂ ಕಲಿಸಲಿಲ್ಲ. ಬಟ್ಟೆ ಮಡಚುವಾಗ ಮಾತ್ರ ಒಮ್ಮೊಮ್ಮೆ ಹೇಳುವಳು: "ಎರಡು ಕೆಂಪು ಗೋಡೆ. ನಡುವೆ ಕರಿ ನೀರು. ಬಂಡೆಯಿಂದ ನೇತು ಬಿದ್ದಿರೋ ಅತ್ತಿಮರ." ಒಮ್ಮೆ ತಾಯಿ ಮಗಳಿಬ್ಬರೂ ಟಪಾಲಿನ ಗಾಡಿ ಹತ್ತಿ ಈ ಕಡೆ ಬಂದಿದ್ದುಂಟು. ಆಗ ಇದೆಲ್ಲ ದನ ಸಾಕುವವರ ಕೈಯಲ್ಲಿತ್ತು. ಗೇಟಿಗೆ ಬೀಗ. ಒಳಗಿದ್ದವನು ಹೊರಗೆ ಬಂದು, ಇಲ್ಲಿ ನಿಮಗೇನು ಕೆಲಸ ಎಂದು ಕೇಳಿದ. ಅಮ್ಮ ಗೇಟಿನ ಕಂಬಿ ಹಿಡಿದು ಸುಮಾರು ಹೊತ್ತು ನಿಂತಿದ್ದು, ಹಿಂದಿರುಗಿ ನಡೆದಳು. ಅವಳು ತೀರಿಕೊಂಡು ಹದಿನೈದು ವರ್ಷ. ಗೇಟು ತೆರೆದು, ನೆಲ ನೆಲದವರಿಗೆ ವಾಪಸಾಗಿ ನಾಲ್ಕು ವರ್ಷ. ಪ್ರವಾಸದ ಜಾಹೀರಾತಿನಲ್ಲಿ ಆ ನೇತು ಬಿದ್ದ ಅತ್ತಿಮರದ ಚಿತ್ರ ಕಂಡ ದಿನ ಲೆಟಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಿದ್ದಳು.

ಬರುವುದೇನೋ ಬಂದಾಯಿತು. ಆದರೆ ನೀರಿಗೆ ಹೋಗುವುದು ಹೇಗೆ? ಆ ನೆಲದ ಹಿರಿಯ ಹೆಕ್ಟರ್ ಅಜ್ಜ ತನ್ನ ಕಂಕುಳ ಬೆವರನ್ನು ಬಂದವರ ಹಣೆಗೆ ಒರೆಸಿ, ಕಲ್ಲೊಂದನ್ನು ಮಡುವಿಗೆ ಎಸೆದು, ಇಂಥವರು ಬಂದಿದ್ದಾರೆ, ಹೊಸಬರು, ಏನೂ ಮಾಡಬೇಡ ಎಂದು ನೀರಿಗೆ ಕೂಗಿ ಹೇಳದೆ ಯಾರೂ ನೀರು ಮುಟ್ಟುವಂತಿಲ್ಲ. ಮುಟ್ಟಿದವರು ಕಾಯಿಲೆ ಬೀಳುತ್ತಾರೆ, ಬಂದ ದಾರಿ ಮರೆಯುತ್ತಾರೆ. ಲೆಟಿ ಇದನ್ನು ಒಂದಿಷ್ಟೂ ಅನುಮಾನವಿಲ್ಲದೆ ನಂಬಿದ್ದಳು. ನಂಬಿಕೆಯೇ ಅವಳ ಸಂಕಟ. ನಾನು ಇಲ್ಲಿಯವಳು ಎಂದು ಹೇಳೋಣವೆಂದರೆ ಸಾಕ್ಷಿಗೆ ಭಾಷೆಯಿಲ್ಲ, ಕಾಗದವಿಲ್ಲ. ಇಲ್ಲಿಯ ಕಟ್ಟಳೆಯಂತೆ ಸತ್ತವರ ಹೆಸರು ಬಾಯಲ್ಲಿ ಆಡಬಾರದಾದ್ದರಿಂದ ಅಮ್ಮನ ಹೆಸರನ್ನೂ ಹೇಳುವಂತಿಲ್ಲ. ಇಲ್ಲದ ನಂಟು ಹೇಳಿಕೊಂಡು ಬಂದವಳು ಎಂದು ಅಜ್ಜ ಒಂದು ಮಾತು ಅಂದುಬಿಟ್ಟರೆ, ಆಮೇಲೆ ಅವಳಿಗೆ ನಿಲ್ಲಲು ಭೂಮಿಯ ಮೇಲೆ ಎಲ್ಲೂ ಜಾಗವಿಲ್ಲ. ಸಾಲಿನಲ್ಲಿ ನಿಂತು ಎಲ್ಲರಂತೆ ಹೊಸಬಳೆಂದು ಹಣೆ ಒಡ್ಡುವುದು, ಅಮ್ಮನ ನೀರನ್ನು ಅತಿಥಿಯಾಗಿಯಾದರೂ ಮುಟ್ಟಿ ಬರುವುದು ಎಂದು ತೀರ್ಮಾನಿಸಿದ್ದಳು.

ಹೊತ್ತು ಮೂಡುವ ಮೊದಲೇ ಅಜ್ಜ ಬಂದಿದ್ದ. ಅವನ ಮುರುಕು ಗಾಡಿಯ ಸದ್ದು ಕೇಳಿ ಲೆಟಿ ದಡಬಡಿಸಿ ಬೂಟು ಹಾಕಿಕೊಂಡಿದ್ದಳು. ಎಂಬತ್ತು ದಾಟಿದ ಒಣಕಲು ಮನುಷ್ಯ, ತಲೆಯ ಮೇಲೆ ಬೆವರಿನಿಂದ ಕಪ್ಪಾದ ದನಗಾಹಿಯ ಟೋಪಿ. ಯಾರಿಗೂ ನಮಸ್ಕಾರ ಹೇಳದೆ, ನೆಲ ನೋಡುತ್ತ ಗುಡಾರಗಳನ್ನು ಒಂದು ಸುತ್ತು ಹಾಕಿದ. ಆಮೇಲೆ ಒಲೆಯ ಹತ್ತಿರ ಬಂದು, ಅದರ ಸುತ್ತ ಎರಡು ಸಲ ನಿಧಾನಕ್ಕೆ ನಡೆದ. ಒಂದು ಕಡೆ ಮೊಣಕಾಲೂರಿ ಕೂತ.

"ಹಾವು ಏನಾದ್ರೂ ಬಂದಿತ್ತಾ?" ಲೆಟಿ ಡಾರಿಲ್‌ನನ್ನು ಮೆಲ್ಲಗೆ ಕೇಳಿದಳು.

"ಅವರು ಹಂಗೇ ಲೆಟಿ ಆಂಟಿ. ನಾವು ಪೇಪರ್ ಓದ್ತೀವಲ್ಲ, ಅವರು ನೆಲ ಓದ್ತಾರೆ. ಪ್ರಾಯದಲ್ಲಿದ್ದಾಗ ಕಳೆದುಹೋದ ದನ, ಕಳೆದುಹೋದ ಜನ, ಎಲ್ಲಾನೂ ಹೆಜ್ಜೆ ನೋಡೇ ಹುಡುಕಿ ತರ್ತಿದ್ರಂತೆ."

ಲೆಟಿ ಲೋಟದಲ್ಲಿ ಚಹಾ ತಂದುಕೊಟ್ಟಳು. ಅಜ್ಜ ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಂಡ. ಅವಳ ಮುಖ ನೋಡಲಿಲ್ಲ, ಕಾಲು ನೋಡಿದ.

"ಬೂಟು ಕಚ್ತಾ ಐತಾ?"

"ಕಚ್ತಿದೆ ಅಜ್ಜ. ಕಂಪನೀದು."

"ಹೂಂ," ಎಂದು ಅವನು ಚಹಾ ಹೀರಿದ.

ಎಂಟು ಗಂಟೆಗೆ ಎಲ್ಲರೂ ಕಮರಿಯೊಳಕ್ಕೆ ಹೊರಟರು. ಮೊದಲ ಅರ್ಧ ಗಂಟೆ ಮುಳ್ಳುಹುಲ್ಲು, ಉರುಳುಗಲ್ಲು, ನೆತ್ತಿ ಸುಡುವ ಬಿಸಿಲು, ಟ್ರೆವರ್‌ನ ಗೊಣಗಾಟ. ಆಮೇಲೆ ಗೋಡೆಗಳು ಹತ್ತಿರ ಸರಿದವು. ಇದ್ದಕ್ಕಿದ್ದಂತೆ ತಂಪು. ಮಾತಾಡುತ್ತಿದ್ದವರ ದನಿ ತಾನಾಗಿ ಇಳಿಯಿತು. ಎರಡೂ ಕಡೆ ಬಂಡೆ ನೆಟ್ಟಗೆ ಎದ್ದು ನಿಂತಿತ್ತು. ಬುಡದಲ್ಲಿ ನೇರಳೆ, ನಡುವೆ ಇಟ್ಟಿಗೆಗೆಂಪು, ತುದಿಗೆ ಹೋಗುತ್ತ ಬಿಸಿಲು ಬಿದ್ದು ಕಾದ ಕಬ್ಬಿಣದ ಬಣ್ಣ. ಆಕಾಶ ಒಂದು ನೀಲಿ ಪಟ್ಟಿಯಷ್ಟೇ ಉಳಿದಿತ್ತು. ಕಾಲಡಿಯ ಹಾಸುಗಲ್ಲಿನ ಮೇಲೆ ಅಲೆಗಳ ಗುರುತಿತ್ತು, ಒಂದರ ಹಿಂದೆ ಒಂದು, ಈಗಷ್ಟೇ ನೀರು ಇಳಿದುಹೋದ ಮರಳಿನಂತೆ. ಕೈಯಿಂದ ಮುಟ್ಟಿದರೆ ಕಲ್ಲು. ಮೀನು ಕೂಡ ಹುಟ್ಟದ ಕಾಲದಲ್ಲಿ ಇಲ್ಲಿ ಸಮುದ್ರವಿತ್ತು ಎಂದು ಡಾರಿಲ್ ಹೇಳಿದ. ಆ ಸಮುದ್ರ ಹೋಗಿ, ಅದರ ಅಲೆಯ ಗುರುತು ಮಾತ್ರ ಕೂತಿದೆ. ಟ್ರೆವರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾಕೆ ತೆಗೆದ ಎಂದು ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲವೇನೋ.

ಇನ್ನೊಂದು ತಿರುವು ದಾಟಿದರೆ ಮಡು. ಎರಡು ಕೆಂಪು ಗೋಡೆ. ನಡುವೆ ಕರಿ ನೀರು. ಬಂಡೆಯ ಸೀಳಿನಿಂದ ತಲೆಕೆಳಗಾಗಿ ನೇತು ಬಿದ್ದ ಅತ್ತಿಮರ, ಅದರ ಬಿಳಿ ಬೇರುಗಳು ಮೂರಾಳು ಉದ್ದ ಇಳಿದು ನೀರು ಮುಟ್ಟಿದ್ದವು. ನೀರು ಎಷ್ಟು ಸುಮ್ಮನಿತ್ತೆಂದರೆ ಗೋಡೆ ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಎಂದು ತಿಳಿಯುವಂತಿರಲಿಲ್ಲ. ಅಮ್ಮ ಹೇಳಿದ್ದು ಮೂರೇ ಮಾತು, ಅದರಲ್ಲಿ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆದರೆ ಇದು ಇಷ್ಟು ದೊಡ್ಡದೆಂದು ಅಮ್ಮ ಹೇಳಿರಲಿಲ್ಲ. ಹತ್ತು ವರ್ಷದ ಮಗು ಇಷ್ಟು ದೊಡ್ಡದನ್ನು ಎದೆಯಲ್ಲಿಟ್ಟುಕೊಂಡು ಆ ಬಟ್ಟೆ ಒಗೆಯುವ ಕೋಣೆಯಲ್ಲಿ ಹೇಗೆ ಬದುಕಿತು?

ಅಜ್ಜ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಲೆಟಿ ಸಾಲಿನ ಕೊನೆಗೆ ನಿಂತಳು. ಅವನು ಕಂಕುಳಿಗೆ ಕೈ ಹಾಕಿ, ಬೆವರನ್ನು ಒಬ್ಬೊಬ್ಬರ ಹಣೆಗೂ ತೋಳಿಗೂ ಒರೆಸುತ್ತ ಬಂದ. ಬೇರೆ ಕಡೆಯಾಗಿದ್ದರೆ ಮೂಗು ಮುರಿಯುತ್ತಿದ್ದ ಜನ ದೇವರ ಮುಂದೆ ನಿಂತಂತೆ ನಿಂತಿದ್ದರು. ಟ್ರೆವರ್‌ನ ಹೆಂಡತಿಯ ಕಣ್ಣಲ್ಲಿ ನೀರಿತ್ತು. ಹೆಜ್ಜೆಯ ಸದ್ದು ಹತ್ತಿರ ಬಂದಾಗ ಲೆಟಿ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಹಣೆ ಒಡ್ಡಿದಳು.

ಕೈ ಬರಲಿಲ್ಲ.

ಕಣ್ಣು ಬಿಟ್ಟಾಗ ಅಜ್ಜ ಅವಳನ್ನು ದಾಟಿ ನೀರಿನ ಅಂಚಿಗೆ ಹೋಗಿಯಾಗಿತ್ತು. ಕಲ್ಲೊಂದನ್ನು ಎಸೆದು, ಆ ಒಣಕಲು ಎದೆಯಿಂದ ಬಂದಿತೆಂದು ನಂಬಲಾಗದ ದನಿಯಲ್ಲಿ ಕೂಗಿದ. ಗೋಡೆಗಳು ಆ ಕೂಗನ್ನು ಒಂದರಿಂದ ಒಂದಕ್ಕೆ ಕೊಟ್ಟು, ಒಳಗೊಳಗೆ ದಾಟಿಸಿಕೊಂಡು ಹೋದವು.

"ಅಜ್ಜ, ಲೆಟಿ ಒಬ್ರು ಉಳ್ಕೊಂಡ್ರು!" ಎಂದಳು ಟ್ರೆವರ್‌ನ ಹೆಂಡತಿ.

ಅಜ್ಜನಿಗೆ ಕೇಳಿಸಿತೋ ಇಲ್ಲವೋ, ಹೋಗಿ ಹೋಗಿ ಎಂದು ಎಲ್ಲರನ್ನೂ ಕೈಬೀಸಿ ನೀರಿಗೆ ಕಳಿಸಿದ. ಡಾರಿಲ್ ಒಮ್ಮೆ ಲೆಟಿಯ ಮುಖ ನೋಡಿ ಅವರ ಹಿಂದೆ ಹೋದ. ಲೆಟಿ ಹಾಸುಗಲ್ಲಿನ ಮೇಲೆ ಕೂತುಬಿಟ್ಟಳು. ಹತ್ತು ಹೆಜ್ಜೆಯ ಆಚೆ ನೀರು. ಅವಳಿಗೆ ಗೇಟಿನ ಕಂಬಿ ಹಿಡಿದ ಅಮ್ಮನ ಬೆರಳುಗಳು ನೆನಪಾದವು. ಬೀಗವಿಲ್ಲ, ಗೇಟಿಲ್ಲ, ಆದರೂ ತಾನು ಹೊರಗೇ. ಹೊಸಬಳೆಂದು ಒಪ್ಪಿಕೊಳ್ಳಲು ಕೂಡ ಈ ಜಾಗಕ್ಕೆ ಮನಸ್ಸಿಲ್ಲ. ಅವಳಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಅಳುವುದಾದರೂ ವಾಸಿ ಎನ್ನಿಸುವಂಥ ನಾಚಿಕೆ.

ಅಜ್ಜ ಬಂದು ಪಕ್ಕದಲ್ಲಿ ಕೂತ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಯಾಕವ್ವ ಕುಂತ್ಕಂಡೆ? ನೀರಿಗೆ ಹೋಗಲ್ವಾ?"

"ನನ್ನನ್ನ ನೀವು ನೀರಿಗೆ ಪರಿಚಯ ಮಾಡಿಕೊಡಲಿಲ್ಲ, ಅಜ್ಜ."

"ಹೊಸಬರನ್ನ ಮಾಡ್ಕೊಡ್ತಾರೆ. ಮನೆ ಮಗಳನ್ನ ಮನೆಗೆ ಯಾರಾದ್ರೂ ಪರಿಚಯ ಮಾಡ್ಕೊಡ್ತಾರಾ? ನಾನೇನಾದ್ರೂ ನಿನ್ನ ಹಣೆ ಮುಟ್ಟಿ, ಇವಳು ಯಾರೋ ಹೊಸಬಳು ಅಂತ ಕೂಗಿದ್ರೆ, ಆ ನೀರು ನನ್ನನ್ನ ಸುಮ್ಕೆ ಬಿಡ್ತಿತ್ತಾ?"

ಲೆಟಿ ಅವನ ಕಡೆ ತಿರುಗಿದಳು. "ನಾನು ಏನೂ ಹೇಳೇ ಇಲ್ಲವಲ್ಲ ಅಜ್ಜ, ನಿಮಗೆ..."

"ನೀನು ಹೇಳ್ಬೇಕಾ? ಒಲೆ ಸುತ್ತ ಬರ್ದಿಟ್ಟಿದ್ದೀಯಲ್ಲ." ಅವನು ಬೆರಳಿನಿಂದ ಕಲ್ಲಿನಾಚೆಯ ಮರಳಿನ ಮೇಲೆ ಎಡಗಾಲೊಂದನ್ನು ಬಿಡಿಸಿದ. ಕಿರುಬೆರಳನ್ನು ಪಕ್ಕದ ಬೆರಳಿನ ಮೇಲೆ ಹತ್ತಿಸಿದ. "ನಂಗೆ ಆಗ ಏಳು ವರ್ಷ. ಅಕ್ಕ ಅವಳು ನಂಗೆ, ದೊಡ್ಡವ್ವನ ಮಗಳು. ಕಂಕುಳಲ್ಲಿ ಎತ್ಕಂಡು ತಿರುಗ್ತಿದ್ಲು. ಲಾರಿ ಬಂದಾಗ ನನ್ನನ್ನ ಆ ಬಂಡೆ ಸಂದಿಗೆ ತಳ್ಳಿ ಅವಳು ಓಡಿದ್ಲು, ಅವರು ಅವಳ ಹಿಂದೆ ಬರ್ಲಿ ಅಂತ. ಸಾಯಂಕಾಲ ನಾನು ಈಚೆ ಬಂದು ಹೆಜ್ಜೆ ಹಿಡ್ಕಂಡು ಹೋದೆ. ನಾನು ಹಿಡ್ಕಂಡು ಹೋದ ಮೊದಲ್ನೇ ಹೆಜ್ಜೆ ಅದು. ಲಾರಿ ಚಕ್ರದ ಗುರುತಿನ ಹತ್ರ ನಿಂತೋಯ್ತು. ಆಮೇಲೆ ಊರೆಲ್ಲಾ ಹುಡುಕ್ದೆ, ಯಾರ್ಯಾರ್ದೋ ದನ, ಯಾರ್ಯಾರ್ದೋ ಮಕ್ಕಳು ಸಿಕ್ಕಿದ್ರು. ಆ ಕಾಲು ಸಿಗ್ಲಿಲ್ಲ."

ಬಿಡಿಸಿದ ಕಾಲಿನ ಮೇಲೆ ಬಿದ್ದ ಒಣ ಎಲೆಯೊಂದನ್ನು ಅವನು ಎತ್ತಿ ಪಕ್ಕಕ್ಕಿಟ್ಟ.

"ಇವತ್ತು ಬೆಳಿಗ್ಗೆ ನಿನ್ನ ಒಲೆ ಹತ್ರ ಸಿಕ್ತು."

ಈಗ ಲೆಟಿಗೆ ಅಳು ಬಂತು. ಮುಖ ಮುಚ್ಚಿಕೊಳ್ಳದೆ, ದನಿ ಅಡಗಿಸದೆ ಅತ್ತಳು. ಗೋಡೆಗಳು ಅದನ್ನೂ ದಾಟಿಸಿಕೊಂಡು ಹೋದವು. ಅಮ್ಮ ಬಂಡೆಯ ಸಂದಿಯ ಬಗ್ಗೆ, ತಮ್ಮನ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಯಾರಾದರೂ ಹೋಗಿ ಅವನನ್ನೂ ಎಳೆತರುತ್ತಾರೆಂದು ಸಾಯುವವರೆಗೆ ಹೆದರಿದ್ದಳೋ ಏನೋ.

"ಆ ಬೂಟು ಬಿಚ್ಚು ಮೊದ್ಲು," ಎಂದ ಮುದುಕ. "ಬೂಟಿನ ಗುರುತು ಯಾರ್ದೂ ಅಲ್ಲ. ನೀರಿಗೆ ಹೆಂಗೆ ತಿಳೀಬೇಕು?"

ಬೂಟು ಬಿಚ್ಚಿದಳು. "ಏನಂತ ಕೂಗಲಿ ಅಜ್ಜ? ನಂಗೆ ನಮ್ಮ ಮಾತೇ ಬರಲ್ಲ."

"ಅಜ್ಜ ಅಂತೆ ಅಜ್ಜ! ಅಕ್ಕನ ಮಗಳು ನನ್ನನ್ನ ಮಾವ ಅನ್ಬೇಕು. ಕಲ್ಲನ್ನ ಕಂಕುಳಲ್ಲಿ ಒರೆಸ್ಕೊ, ಎಸಿ, ಯಾವ ಮಾತು ಬರುತ್ತೋ ಅದ್ರಲ್ಲಿ ಕೂಗು. ಬೆವರು ಅವಳದೇ ಅಲ್ವಾ."

ಕಲ್ಲು ಕೈಬಿಟ್ಟಿತು. ಕರಿ ನೀರು ತೆರೆದುಕೊಂಡು, ಉಂಗುರ ಉಂಗುರವಾಗಿ ದಡಕ್ಕೆ ಬಂತು. "ಅಮ್ಮ ಬರೋಕಾಗಲಿಲ್ಲ," ಎಂದು ಲೆಟಿ ಕೂಗಿದಳು. "ನಾನು ಬಂದಿದೀನಿ!" ಬಂದಿದೀನಿ ಎಂದು ಮೊದಲು ಎಡಗೋಡೆ ಹೇಳಿತು, ಆಮೇಲೆ ಬಲಗೋಡೆ, ಆಮೇಲೆ ಅವಳ ಕಣ್ಣಿಗೆ ಕಾಣದ ಎಷ್ಟೋ ಗೋಡೆಗಳು. ಈಜುತ್ತಿದ್ದವರೆಲ್ಲ ಇದ್ದಲ್ಲೇ ನಿಂತು ನೋಡಿದರು. ಮುದುಕ ನಕ್ಕ, ಅವನ ಬಾಯಲ್ಲಿ ಎರಡೇ ಹಲ್ಲಿದ್ದವು.

ಅವಳು ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಡೆದು ಹೋಗಿ ಅತ್ತಿಯ ಬೇರು ಹಿಡಿದು ನೀರಿಗಿಳಿದಳು. ಸ್ವಲ್ಪ ಹೊತ್ತಿಗೆ ಟ್ರೆವರ್ ದಡಕ್ಕೆ ಬಂದು, ಟವಲಿಗಾಗಿ ಅವಳು ನಡೆದ ಮರಳಿನ ಕಡೆ ಕಾಲಿಟ್ಟ.

"ಏ ಹಲ್ಲು ಡಾಕ್ಟ್ರೇ," ಎಂದು ಮುದುಕ ಗದರಿದ, "ಆ ಕಡೆಯಿಂದ ಸುತ್ತು ಹಾಕ್ಕೊಂಡು ಬಾ. ಇಲ್ಲಿ ತುಳೀಬೇಡ."

ಟ್ರೆವರ್ ಕೆಳಗೆ ನೋಡಿದ. ಅವನಿಗೆ ಕಂಡದ್ದು ಹತ್ತು ಹನ್ನೆರಡು ಹೆಜ್ಜೆ ಗುರುತು, ಅಷ್ಟೇ. ಆದರೂ ಬಂಡೆ ಹತ್ತಿ ಸುತ್ತು ಹಾಕಿಕೊಂಡು ಹೋದ. ಮುದುಕ ಆ ಹೆಜ್ಜೆಗಳ ಪಕ್ಕದಲ್ಲಿ, ಒಂದನ್ನೂ ತುಳಿಯದಂತೆ, ನೀರಿನವರೆಗೆ ನಡೆದುಕೊಂಡು ಹೋದ.